ಮೇಲೆ ಯಾವುದು, ಕೆಳಗೆ ಯಾವುದು

ಪ್ರದರ್ಶನ ಶುರುವಾಗುವ ಹಿಂದಿನ ಸಂಜೆ 21 ಚಿತ್ರಗಳು ಗೋಡೆಗೇರಿದ್ದವು. 22ನೆಯದು ಮಾತ್ರ ಇನ್ನೂ ನೆಲದ ಮೇಲೆ, ಗೋಡೆಗೆ ಒರಗಿ ನಿಂತಿತ್ತು. 4 ಅಡಿ ಉದ್ದ, 4 ಅಡಿ ಅಗಲದ ಚೌಕ ಕ್ಯಾನ್ವಾಸ್. ಒಂದು ಅಂಚಿನುದ್ದಕ್ಕೂ ಕಾಡಿಗೆ ಕಲಸಿದಂಥ ಕಡುನೀಲಿ, ಅದರೆದುರಿನ ಅಂಚಿನಲ್ಲಿ ತೆಳ್ಳಗಿನ ಬೂದು ಹಸಿರು. ನಡುವೆ ಎರಡೂ ಒಂದರೊಳಗೊಂದು ಕರಗಿದ ಮಬ್ಬು. ಆ ಮಬ್ಬಿನಲ್ಲಿ ಚೂರಿಯಿಂದ ಎಳೆದ ಕೆಂಪು ಗೀರುಗಳು, ಮೂರೋ ನಾಲ್ಕೋ. ಅಳತೆ ಪಟ್ಟಿ, ಪೆನ್ಸಿಲ್ ಹಿಡಿದು ನಿಂತಿದ್ದ ನಾನು ಕೇಳಿದೆ, "ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?"

ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೆಲದ ಮೇಲೆ ಹಾಸಿಕೊಂಡು ಬರೆದದ್ದು ಇದು. ನಾಲ್ಕೂ ಕಡೆ ಕೂತು ಬರೆದಿದ್ದೀನಿ. ನೀನೇ ಹೇಳು."

ಇಬ್ಬರೂ ಹಿಡಿದು ಅದನ್ನು ನಾಲ್ಕು ಸಲ ತಿರುಗಿಸಿದೆವು. ನೀಲಿ ಎಡಕ್ಕೆ ಬಂದಾಗ ಅರ್ಧ ತೆರೆದ ಬಾಗಿಲಿನ ಹಾಗೆ ಕಂಡಿತು. ಬಲಕ್ಕೆ ಬಂದಾಗ ಏನೂ ಅನ್ನಿಸಲಿಲ್ಲ. ಮೇಲಕ್ಕೆ ಬಂದಾಗ ಏನೋ ಅಳುಕು, ಅಷ್ಟೂ ಬಣ್ಣ ತಲೆಯ ಮೇಲೆ ಕುಸಿದೀತೆಂಬಂತೆ. ನೀಲಿಯನ್ನು ಕೆಳಗಿಟ್ಟಾಗ ಮಾತ್ರ ನನಗೆ ನಿರಾಳವಾಯಿತು. "ಹೀಗೇ ಇರಲಿ, ಭಾರವಾದದ್ದು ಕೆಳಗಿರಬೇಕು" ಎಂದೆ. ಅವಳು ಹೂಂ ಎಂದಳು. ಚಿತ್ರದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಗುರುತು ಹಾಕಿ ತೂಗುಹಾಕಿದೆವು. ನಿಂತು ನೋಡುವವರ ಕಣ್ಣಿಗೆ ಹೊಂದುವ ಎತ್ತರ ಹೆಚ್ಚುಕಡಿಮೆ ಅದು ಎಂದು ಅನೇಕ ಗ್ಯಾಲರಿಗಳು ಆ ಅಳತೆಯನ್ನೇ ಹಿಡಿಯುತ್ತವೆ. ಇದು ಅವಳ ಮೊದಲ ಏಕವ್ಯಕ್ತಿ ಪ್ರದರ್ಶನ. ಹತ್ತು ದಿನ. ಹಗಲೆಲ್ಲ ಅಲ್ಲಿ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಜನ ತನ್ನ ಚಿತ್ರ ನೋಡುವುದನ್ನು ಪಕ್ಕದಲ್ಲಿ ನಿಂತು ನೋಡುವುದು ಹಿಂಸೆ ಎನ್ನುತ್ತಿದ್ದಳು. ಹಾಗಾಗಿ ರಜೆ ಹಾಕಿ ಆ ಹತ್ತೂ ದಿನ ನಾನು ಕೂತೆ.

ಅವಳು ಕೆಲಸ ಮಾಡುವ ರೀತಿಯನ್ನು ಮೊದಲು ಹೇಳಬೇಕು. ಒಮ್ಮೆ ಅವಳ ಜೊತೆ ಕಾಡಂಚಿಗೆ ಹೋಗಿದ್ದೆ. ಚಿತ್ರ ಬರೆಯುತ್ತಾಳೆ, ನಾನು ನೋಡುತ್ತಾ ಕೂರಬಹುದು ಎಂಬ ಆಸೆ ನನ್ನದು. ಮೂರು ಗಂಟೆ ಒಂದು ಬಂಡೆಯ ಮೇಲೆ ಕೂತಳು. ಒಂದು ಗೆರೆಯನ್ನೂ ಎಳೆಯಲಿಲ್ಲ. ಫೋಟೊ ತೆಗೆಯಲಿಲ್ಲ. ಹೊರಡುವ ಮುಂಚೆ ಚಿಕ್ಕ ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿದಳು: ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ನೆಲ ಮುಟ್ಟಿದರೆ ಬಿಸಿಯಿತ್ತೋ ತಂಪಿತ್ತೋ, ಬೆಳಕು ಎಲ್ಲಿಂದ ಬೀಳುತ್ತಿತ್ತು, ಯಾವ ಸದ್ದು ಮೊದಲು ನಿಂತಿತು. ಅಷ್ಟೇ. ಫೋಟೊ ಯಾಕೆ ಬೇಡ ಎಂದು ಕೇಳಿದ್ದಕ್ಕೆ, "ಅದು ಮರೆಯೋಕೆ ಬಿಡಲ್ಲ" ಎಂದಳು.

ಅವತ್ತು ನನಗೆ ಅದು ಅರ್ಥವಾಗಿರಲಿಲ್ಲ. ಮರೆವು ಕಲಾವಿದರ ಶತ್ರು ಎಂದೇ ನಾನು ಭಾವಿಸಿದ್ದೆ. ಅವಳಿಗೆ ಅದು ಕುಂಚದಷ್ಟೇ ಮುಖ್ಯವಾದ ಸಲಕರಣೆ. ನೋಡಿಬಂದ ಮೇಲೆ ನಾಲ್ಕೈದು ತಿಂಗಳು ಆ ಜಾಗದ ತಂಟೆಗೇ ಹೋಗುವುದಿಲ್ಲ. ಅಷ್ಟರಲ್ಲಿ ಎಲೆಗಳ ಆಕಾರ, ಕೊಂಬೆಗಳ ಲೆಕ್ಕ, ಬಂಡೆಯ ಅಂಚು ಎಲ್ಲ ಮನಸ್ಸಿನಿಂದ ಜಾರಿಹೋಗುತ್ತವೆ. ಜಾರದೆ ಉಳಿದದ್ದು ಏನೋ ಇರುತ್ತದಲ್ಲ, ಸೆಕೆ, ದೂರ, ಬೆನ್ನ ಹಿಂದೆ ಏನೋ ಸರಿದ ಅನುಭವ, ಅದಕ್ಕೆ ಬಣ್ಣ ಹುಡುಕುತ್ತಾಳೆ. ಪುಸ್ತಕದ ಆ ನಾಲ್ಕು ಸಾಲುಗಳನ್ನು ಆಮೇಲೆ ಕ್ಯಾನ್ವಾಸಿನ ಬೆನ್ನಿಗೆ ಪೆನ್ಸಿಲಿನಲ್ಲಿ ನಕಲು ಮಾಡುತ್ತಾಳೆ. ಪಕ್ಕದಲ್ಲೊಂದು ಬಾಣದ ಗುರುತು, ಯಾವುದು ಮೇಲು ಎಂದು ತೋರಿಸಲು.

ಹೀಗೆ ಬೆನ್ನಿಗೆ ಬರೆಯುವ ರೂಢಿ ಹಳೆಯದು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಮೋಡಗಳ ಎಷ್ಟೋ ಸಣ್ಣ ತೈಲಚಿತ್ರಗಳನ್ನು ಬರೆದ. ಅವುಗಳಲ್ಲಿ ಹಲವಕ್ಕೆ ನೆಲವೇ ಇಲ್ಲ, ಬರೀ ಆಕಾಶ. ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು. ಅಮೂರ್ತ ಕಲೆ ಎಂಬ ಮಾತೇ ಹುಟ್ಟಿರದ ಕಾಲವದು. ಆದರೂ ಆ ಚಿತ್ರಗಳಲ್ಲಿ ಒಂದನ್ನು ಅದರ ಕಾಲದಿಂದ ಬೇರ್ಪಡಿಸಿ ನೋಡಿದರೆ ಬಿಳಿ ಮತ್ತು ಬೂದಿಯ ತಿಕ್ಕಾಟವೇ ಕಾಣುತ್ತದೆ. ಅದು ಇಂಥ ದಿನದ, ಇಂಥ ಗಾಳಿಯ ಮೋಡವೆಂದು ಸಾಕ್ಷಿ ಹೇಳುವುದು ಬೆನ್ನ ಮೇಲಿನ ಬರಹ.

ನೆನಪಿನಿಂದ ಬರೆದವರು ಇನ್ನೂ ಇದ್ದಾರೆ, ನಾನು ಪದೇ ಪದೇ ಮರಳಿ ಹೋಗುವ ಮೂವರನ್ನು ಹೇಳುತ್ತೇನೆ. ಅಮೆರಿಕದ ಹೆಲೆನ್ ಫ್ರಾಂಕೆಂತಾಲರ್ 1952ರ ಬೇಸಿಗೆಯಲ್ಲಿ ಕೆನಡಾದ ನೋವಾ ಸ್ಕೋಷಿಯಾ ಕರಾವಳಿಗೆ ಹೋಗಿ ಬಂದು, ಆ ಅಕ್ಟೋಬರಿನಲ್ಲಿ ತನ್ನ ಸ್ಟುಡಿಯೊ ನೆಲದ ಮೇಲೆ ಸುಮಾರು 7 ಅಡಿ ಎತ್ತರ, 10 ಅಡಿ ಅಗಲದ ಬಟ್ಟೆ ಹಾಸಿ, ಟರ್ಪೆಂಟೈನಿನಲ್ಲಿ ನೀರಾಗಿಸಿದ ತೈಲವರ್ಣವನ್ನು ಸುರಿದಳು. ಬಟ್ಟೆಗೆ ಬಣ್ಣ ಇಂಗದಂತೆ ತಡೆಯುವ ಅಸ್ತರಿ ಬಳಿದಿರಲಿಲ್ಲ, ಬಣ್ಣ ಮೇಲೆ ಕೂರುವ ಬದಲು ಒಳಗೆ ಇಂಗಿತು, ಮಣ್ಣಿಗೆ ಮಳೆ ಇಂಗುವ ಹಾಗೆ. ಬೆಟ್ಟ ಮತ್ತು ಕಡಲು ಎಂದು ಆ ಚಿತ್ರಕ್ಕೆ ಹೆಸರು. ಆಗ ಅವಳಿಗೆ 23 ವರ್ಷ. ಅಲ್ಲಿನ ಭೂದೃಶ್ಯಗಳು ತನ್ನ ತೋಳುಗಳೊಳಗೇ ಇದ್ದವು ಎಂಬರ್ಥದ ಮಾತನ್ನು ಆಮೇಲೆ ಹೇಳಿದ್ದಾಳೆ. ಕಣ್ಣಲ್ಲಿ ಎನ್ನಲಿಲ್ಲ, ತೋಳಲ್ಲಿ ಎಂದಳು.

ಜೋನ್ ಮಿಚೆಲ್ 1968ರಿಂದ ಫ್ರಾನ್ಸಿನ ವೆತೊಯ್ ಎಂಬ ಹಳ್ಳಿಯಲ್ಲಿ ನೆಲೆಸಿದಳು. ಮನೆಯಿಂದ ಸೆನ್ ನದಿ ಕಾಣುತ್ತಿತ್ತು. ಹಗಲು ಅಷ್ಟು ಚೆಲುವಾದ ನದಿ ಎದುರಿಗಿದ್ದರೂ ಅವಳು ಹೆಚ್ಚಾಗಿ ಬರೆಯುತ್ತಿದ್ದದ್ದು ರಾತ್ರಿ, ದೀಪದ ಬೆಳಕಿನಲ್ಲಿ. ಇದನ್ನು ಮೊದಲು ಓದಿದಾಗ ಚೋದ್ಯವೆನಿಸಿತ್ತು. ಕತ್ತಲಾದ ಮೇಲೆ ಕಿಟಕಿಯಲ್ಲಿ ನದಿ ಇಲ್ಲ. ಆಗ ಬರೆಯುವವಳೊಳಗೆ ಉಳಿದಿರುವ ನದಿ ಮಾತ್ರ ಇದೆ. ನನ್ನ ಗೆಳತಿಯ ನಾಲ್ಕೈದು ತಿಂಗಳ ಕಾಯುವಿಕೆಯನ್ನು ಮಿಚೆಲ್ ಒಂದೇ ದಿನದ ಹಗಲು ರಾತ್ರಿಗಳ ನಡುವೆ ಮುಗಿಸುತ್ತಿದ್ದಳೇನೋ.

ಮೂರನೆಯವರು ಸೈಯದ್ ಹೈದರ್ ರಝಾ. 1922ರಲ್ಲಿ ಮಧ್ಯಪ್ರದೇಶದ ಬಾಬರಿಯಾದಲ್ಲಿ ಹುಟ್ಟಿದವರು, ತಂದೆ ಅರಣ್ಯ ಇಲಾಖೆಯಲ್ಲಿದ್ದವರು. ಕಾಡಿನ ರಾತ್ರಿಗಳ ಭಯ, ಬೆಳಗಾದೊಡನೆ ಮರಳುವ ಧೈರ್ಯ, ಇವೆರಡೂ ಬಾಲ್ಯದಿಂದಲೇ ತಮ್ಮ ಜೊತೆ ಬಂದವು ಎನ್ನುತ್ತಿದ್ದರು. 1950ರಲ್ಲಿ ಫ್ರಾನ್ಸಿಗೆ ಹೋದರು, ದಶಕಗಳ ಕಾಲ ಅಲ್ಲೇ ಇದ್ದರು. ಎಪ್ಪತ್ತರ ದಶಕದಲ್ಲಿ ಅವರು ಬರೆದ ಚಿತ್ರಗಳಲ್ಲಿ ಕಪ್ಪಿನೊಳಗಿಂದ ಕೆಂಪು, ಕಾವಿ, ಹಳದಿ ಉರಿದೇಳುತ್ತವೆ. ಸಾವಿರಾರು ಮೈಲಿ ದೂರ ಕೂತವರ ಕಾಡು ಅದು. ಮರ ಒಂದೂ ಇಲ್ಲ, ಕತ್ತಲೆ ಮಾತ್ರ ಚಾಚೂ ತಪ್ಪದೆ ಬಂದಿದೆ.

ಅಮೂರ್ತ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಮೂರ್ತಿ ಇಲ್ಲದ್ದು, ಆಕಾರವಿಲ್ಲದ್ದು ಎಂಬ ಅರ್ಥ ಅದರಲ್ಲಿ ಕೂತುಬಿಟ್ಟಿದೆ. ಹಾಗಾಗಿ ಗ್ಯಾಲರಿಗೆ ಬರುವವರು ಕಳೆದುಹೋದ ಆಕಾರವನ್ನು ಹುಡುಕಲು ಶುರುಮಾಡುತ್ತಾರೆ. ಆದರೆ ಈ ಚಿತ್ರಗಳಲ್ಲಿ ಆಕಾರವಿಲ್ಲವೆಂದು ಯಾರು ಹೇಳಿದರು? ಒಂದೊಂದು ಬಣ್ಣದ ತೇಪೆಗೂ ಅಂಚಿದೆ, ತೂಕವಿದೆ, ಬಿಸಿ ತಂಪಿದೆ. ಭಾರತದ ಚಿತ್ರಕಾರ ವಾಸುದೇವ ಗಾಯತೊಂಡೆಯವರು ತಮ್ಮ ಚಿತ್ರಗಳನ್ನು ಅಮೂರ್ತ ಎಂದು ಕರೆಯಲು ಒಪ್ಪುತ್ತಿರಲಿಲ್ಲ. ಯಾವ ವಸ್ತುವಿನಿಂದಲೂ ಹೊರಡದ ಚಿತ್ರ ಎಂಬರ್ಥದ ಮಾತನ್ನು ಬಳಸುತ್ತಿದ್ದರು. ಗೆಳತಿಯ ಚಿತ್ರಗಳು ಹಾಗಲ್ಲ. ಅವು ಒಂದು ಜಾಗದಿಂದ ಹೊರಟೇ ಬಂದಿವೆ. ಹೊರಟ ಜಾಗವನ್ನು ಮೈಮೇಲೆ ಹೊತ್ತುಕೊಂಡು, ಅದರ ಚಹರೆಯನ್ನು ಮಾತ್ರ ದಾರಿಯಲ್ಲಿ ಬಿಟ್ಟು ಬಂದಿವೆ. ಇದಕ್ಕೆ ಕನ್ನಡದಲ್ಲಿ ಬೇರೊಂದು ಮಾತು ಬೇಕಿತ್ತು ಎಂದು ಆ ಹತ್ತು ದಿನವೂ ಯೋಚಿಸಿದೆ, ಹೊಳೆಯಲಿಲ್ಲ.

ಮೊದಲ ದಿನ ಬೆಳಕೇ ಕೈಕೊಟ್ಟಿತು. ಗ್ಯಾಲರಿಯ ದೀಪಗಳು ವಿಪರೀತ ಹಳದಿ, ಅವಳ ನೀಲಿಗಳೆಲ್ಲ ಅದರಲ್ಲಿ ಮಂಕಾಗಿ ಕೊಳೆತ ಎಲೆಯಂತೆ ಕಂಡವು. ಮಧ್ಯಾಹ್ನದೊಳಗೆ ದೀಪ ಬದಲಾಯಿಸಿ, ಗೋಡೆಯ ಮೇಲೆ ಬೀಳುವ ಕೋನ ಸರಿಪಡಿಸಿದ ಮೇಲೆ ಚಿತ್ರಗಳು ಉಸಿರಾಡಿದವು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಬಣ್ಣದ ದಪ್ಪ ಎದ್ದು ಕಾಣುತ್ತದೆ, ಚೂರಿ ಎಳೆದ ಕಡೆ ಏರು, ಕೆರೆದು ತೆಗೆದ ಕಡೆ ತಗ್ಗು. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮೇಲ್ಮೈ ಕೆಲವು ದಿನಗಳಲ್ಲಿ ಬಿಗಿದರೂ ದಪ್ಪ ಪದರ ಒಳಗಿನವರೆಗೂ ಒಣಗಲು ತಿಂಗಳುಗಳೇ ಬೇಕು. ಅಡಿಯ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ಇಲ್ಲದಿದ್ದರೆ ಮೇಲಿನದು ಬಿರುಕು ಬಿಡುತ್ತದೆ. ಅಂಬರ್ ಎಂಬ ಕಂದು ಮಣ್ಣುಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ; ಅದಕ್ಕೇ ಅವಳು ಮೊದಲ ಪದರಕ್ಕೆ ಅದನ್ನೇ ಬಳಸುತ್ತಾಳೆ. ಯಾವ ಚಿತ್ರ ನೋಡಿದರೂ ಎಲ್ಲೋ ಒಂದು ಕಡೆ ಆ ಕಂದು ಇಣುಕುತ್ತದೆ, ಹುಲ್ಲಿನ ನಡುವೆ ನೆಲ ಕಂಡ ಹಾಗೆ.

ಬಂದವರಲ್ಲಿ ಹೆಚ್ಚಿನವರು ಬಾಗಿಲಿನಿಂದ ಶುರುಮಾಡಿ ಗೋಡೆಯ ಗುಂಟ ಒಂದು ಸುತ್ತು ನಡೆದು ಹೊರಗೆ ಹೋಗುತ್ತಿದ್ದರು. ಪ್ರತಿ ಚಿತ್ರದ ಮುಂದೆ ಒಂದು ಸಣ್ಣ ತಡೆ, ಪಕ್ಕದ ಚೀಟಿಯತ್ತ ಕಣ್ಣು, ಮತ್ತೆ ಮುಂದೆ. ಚೀಟಿಯಲ್ಲಿ ಏನಿದೆ? ತೈಲವರ್ಣ, ಅಳತೆ, ವರ್ಷ. ಹೆಸರಿಲ್ಲ. ಹೆಸರು ಕೊಡು ಎಂದು ನಾನು ಜಗಳವಾಡಿದ್ದೆ, ಈಗಲೂ ಕೊಡಬೇಕಿತ್ತು ಎಂದೇ ನನ್ನ ಅಭಿಪ್ರಾಯ. ನೋಡುವವರ ಕೈಗೆ ಹಿಡಿಯಲೊಂದು ಎಳೆ ಸಿಗುತ್ತಿತ್ತು. ಅವಳು ಒಪ್ಪಲಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಪ್ರಸಿದ್ಧ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದಿದ್ದರು. ಸರಾಸರಿ 27 ಸೆಕೆಂಡು. ಅರ್ಧಕ್ಕರ್ಧ ಸಲ 17 ಸೆಕೆಂಡೂ ದಾಟಿರಲಿಲ್ಲ. ಜಗತ್ತೇ ಬಲ್ಲ ಚಿತ್ರಗಳ ಕಥೆಯೇ ಹೀಗಿದ್ದರೆ ಹೆಸರಿಲ್ಲದ ಈ 22 ಚಿತ್ರಗಳಿಗೆ ನಾನು ಹೆಚ್ಚು ಕೇಳುವಂತಿರಲಿಲ್ಲ. ಆದರೂ ಮೂರನೇ ದಿನ ಒಳಗಿನ ಕೋಣೆಯಿಂದ ಎರಡು ಕುರ್ಚಿ ತಂದು ಹಾಲಿನ ನಡುವೆ ಹಾಕಿದೆ. ಅಷ್ಟರಿಂದಲೇ ನೋಡುವ ಬಗೆ ಬದಲಾಯಿತು. ಕೂತವರು ಚೀಟಿ ಓದುವುದಿಲ್ಲ. ಕೂತ ಕಡೆಯಿಂದ ಅಕ್ಷರ ಕಾಣುವುದೇ ಇಲ್ಲವಲ್ಲ.

"ಇದೇನು?" ಎಂದು ಕೇಳಿದವರಿಗೆ ಮೊದಲ ದಿನ ನಾನು ಉದ್ದುದ್ದ ವಿವರಿಸುತ್ತಿದ್ದೆ. ಕಾಡಂಚು, ಬಂಡೆ, ಮೂರು ಗಂಟೆಯ ಮೌನ. ಕೇಳಿದವರು ತಲೆಯಾಡಿಸಿ, ವಿವರಣೆಯನ್ನು ಚಿತ್ರದ ಮೇಲೆ ಹೊಂದಿಸಿ ನೋಡಿ, ಓ ಅದಾ ಎಂದು ಸಮಾಧಾನಪಟ್ಟು ಹೊರಟುಬಿಡುತ್ತಿದ್ದರು. ನನ್ನ ಮಾತು ಚಿತ್ರವನ್ನು ಮುಗಿಸಿಬಿಡುತ್ತಿತ್ತು. ಎರಡನೆಯ ದಿನದಿಂದ ಬೇರೆ ದಾರಿ ಹಿಡಿದೆ. "ಇಲ್ಲಿ ಬೆಳಗ್ಗೆಯೋ ಸಂಜೆಯೋ, ನಿಮಗೇನನ್ನಿಸುತ್ತದೆ?" ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಗೊತ್ತಿಲ್ಲ ಎಂದವರು ಒಬ್ಬರೂ ಇರಲಿಲ್ಲ. ಕಲೆಯ ಬಗ್ಗೆ ತಮಗೇನೂ ತಿಳಿಯದು ಎಂದು ಮೊದಲೇ ಹೇಳಿಕೊಂಡವರೂ ಹೊತ್ತಿನ ಬಗ್ಗೆ ಖಚಿತವಾಗಿದ್ದರು. ಒಬ್ಬರು, "ಸಂಜೆ, ಆದರೆ ಮನೆಗೆ ಹೋಗಲು ತಡವಾದ ಸಂಜೆ" ಎಂದರು. ಆ ಮಾತನ್ನು ಗೆಳತಿಗೆ ಹೇಳಿದಾಗ ಅವಳ ಕಣ್ಣು ತುಂಬಿಬಂತು.

ಆ ಚೌಕ ಚಿತ್ರ ನನ್ನ ಕುರ್ಚಿಗೆ ನೇರ ಎದುರಿನ ಗೋಡೆಯಲ್ಲಿತ್ತು. ಬೇರೆ ಎಲ್ಲ ಚಿತ್ರಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಅದನ್ನೇ. ನೋಡುತ್ತಾ ನೋಡುತ್ತಾ ದಿಗಂತದ ಬಗ್ಗೆ ಯೋಚಿಸತೊಡಗಿದೆ. ಖಾಲಿ ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದು ನೋಡಿ. ಆ ಕ್ಷಣವೇ ಮೇಲಿನದು ಬಾನು, ಕೆಳಗಿನದು ನೆಲ ಅಥವಾ ನೀರು. ಬೇರೇನೂ ಬೇಕಿಲ್ಲ. ಉದ್ದಗೆರೆ ಎಳೆದರೆ ಹೀಗಾಗುವುದಿಲ್ಲ, ಕಂಬವೋ ಬಿರುಕೋ ಏನೋ ಒಂದು, ಜಾಗ ಹುಟ್ಟುವುದಿಲ್ಲ. ನೆಟ್ಟಗೆ ನಿಂತು ಬದುಕುವ, ಬಿದ್ದರೆ ಕೆಳಕ್ಕೇ ಬೀಳುವ ನಮ್ಮ ಮೈಯೇ ಆ ಅಡ್ಡಗೆರೆಯನ್ನು ಓದಿಕೊಳ್ಳುತ್ತದೆ. ಹಾಗಾಗಿ ಅಮೂರ್ತ ಭೂದೃಶ್ಯ ಬರೆಯುವವರಿಗೆ ದಿಗಂತದ ಜೊತೆ ಗುದ್ದಾಟ ತಪ್ಪಿದ್ದಲ್ಲ. ಇಟ್ಟರೆ ಎಲ್ಲವೂ ಅತಿ ಸುಲಭವಾಗಿ ಅರ್ಥವಾಗಿಬಿಡುತ್ತದೆ, ತೆಗೆದರೆ ನೋಡುವವರ ಕಾಲ ಕೆಳಗಿನ ನೆಲ ಹೋಗುತ್ತದೆ.

ತೆಗೆದು ಗೆದ್ದವರಿದ್ದಾರೆ. ಫ್ರಾನ್ಸಿನ ಚಿತ್ರಕಾರ ಮೋನೆ ತನ್ನ ಕೊನೆಯ ವರ್ಷಗಳಲ್ಲಿ ಬರೆದ ನೈದಿಲೆ ಕೊಳಗಳು ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಮ್ಮಿನಲ್ಲಿ, ಎರಡು ಅಂಡಾಕಾರದ ಕೋಣೆಗಳಲ್ಲಿ, 1927ರಿಂದ ಇವೆ. ಎಂಟು ಚಿತ್ರಗಳು, 2 ಮೀಟರ್ ಎತ್ತರ, ಒಟ್ಟು ಉದ್ದ 90 ಮೀಟರಿಗೂ ಹೆಚ್ಚು. ದಡವಿಲ್ಲ, ದಿಗಂತವಿಲ್ಲ. ನಾವು ನೀರನ್ನು ಬಗ್ಗಿ ನೋಡುತ್ತಿದ್ದೇವೆ, ನೀರಿನಲ್ಲಿ ಆಕಾಶವಿದೆ, ಮೋಡ ಎಲೆಯ ಅಡಿಯಲ್ಲಿ ತೇಲುತ್ತಿದೆ. ಮೇಲಿನದೆಲ್ಲ ಕೆಳಗೆ. ಅದಕ್ಕೂ ಮುನ್ನೂರು ವರ್ಷ ಹಿಂದೆ ಜಪಾನಿನ ಹಸೆಗಾವ ತೊಹಾಕು ಮಂಜಿನಲ್ಲಿ ನಿಂತ ಪೈನ್ ಮರಗಳನ್ನು ಮಸಿಯಲ್ಲಿ ಬರೆದಾಗ ಕಾಗದದ ಬಹುಪಾಲನ್ನು ಮುಟ್ಟಲೇ ಇಲ್ಲ. ಮುಟ್ಟದೆ ಬಿಟ್ಟ ಕಾಗದವೇ ಮಂಜಾಯಿತು.

ಆರನೆಯ ದಿನ ಸುಮಾರು ಎಪ್ಪತ್ತರ ವಯಸ್ಸಿನ ಹೆಂಗಸೊಬ್ಬರು ಬಂದರು. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಎರಡು ಸುತ್ತು ಹಾಕಿ ನನ್ನ ಹತ್ತಿರ ಬಂದು, "ಕಾಡು ಅಂತ ಹೇಳುತ್ತೀರಿ. ಯಾವ ಮರ?" ಎಂದರು.

ಯಾವ ಮರವೂ ಇಲ್ಲ, ಕಾಡಿನಲ್ಲಿದ್ದ ಅನುಭವ ಇದು ಎಂದೆ.

"ಅದೇ ನನಗೆ ಬೇಸರ. ಒಂದೊಂದು ಮರಕ್ಕೂ ಹೆಸರಿದೆ. ನಲವತ್ತು ವರ್ಷ ಮಕ್ಕಳಿಗೆ ಹೆಸರು ಕಲಿಸಿದೆ. ಹೆಸರು ಗೊತ್ತಿಲ್ಲದ್ದನ್ನು ಕಡಿದರೆ ಯಾರಿಗೂ ನೋವಾಗಲ್ಲ. ಇವರು ಹೆಸರನ್ನೇ ಅಳಿಸಿ ಚೆಂದ ಮಾಡಿದ್ದಾರೆ."

ಆ ಮಾತು ನನ್ನನ್ನು ಚುಚ್ಚಿತು, ಈಗಲೂ ಚುಚ್ಚುತ್ತಿದೆ. ಏಕೆಂದರೆ ಅದು ನಿಜ. ಕಾಡುಗಳು ಸುಡುತ್ತಿರುವ, ಕೆರೆ ಹೊಳೆಗಳು ಬತ್ತುತ್ತಿರುವ ಕಾಲದಲ್ಲಿ ಇದು ಇಂಥ ಮರ, ಇಂಥ ಹಕ್ಕಿ ಎಂದು ಬೆರಳು ಮಾಡಿ ತೋರಿಸುವ ಕೆಲಸ ದೊಡ್ಡದು. 1802ರಲ್ಲಿ ಲಂಡನ್ನಿನ ಲ್ಯೂಕ್ ಹೊವರ್ಡ್ ಎಂಬ ಔಷಧ ತಯಾರಕ ಮೋಡಗಳಿಗೆ ಕ್ರಮವಾಗಿ ಹೆಸರಿಟ್ಟ. ಹವಾಮಾನ ಇಲಾಖೆಗಳು ಇವತ್ತಿಗೂ ಬಳಸುವುದು ಆ ಹೆಸರುಗಳ ಬುನಾದಿಯನ್ನೇ. ಹೆಸರಿಲ್ಲದಿದ್ದರೆ ಒಬ್ಬರು ಕಂಡ ಮೋಡವನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ? ಅದರ ಎದುರು ನನ್ನ ಗೆಳತಿಯ ಮರೆವು ಒಂದು ಸುಖವೇ, ತಪ್ಪಿಸಿಕೊಳ್ಳುವ ದಾರಿಯೇ? ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಕುರ್ಚಿ ತೋರಿಸಿ, "ಸ್ವಲ್ಪ ಹೊತ್ತು ಕೂತಿರಿ ಮೇಡಂ" ಎಂದೆ.

ಕೂತರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ಚೌಕ ಚಿತ್ರದ ಕಡೆ ಕೈ ಮಾಡಿ, "ಆ ಕೆಂಪು ಏನು ಅಂತ ಬಂದವರು ಹೇಳಿದರು?" ಎಂದು ಕೇಳಿದರು. ಬೆಂಕಿ ಎಂದವರಿದ್ದರು, ರಕ್ತ ಎಂದವರು, ಸೂರ್ಯಾಸ್ತ ಎಂದವರು. ಅವರು ತಲೆಯಾಡಿಸಿದರು. "ಕೆಂದಳಿರು" ಎಂದರು.

ಆ ಪದವನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಶಾಲೆಯಲ್ಲಿ ಹಳೆಯ ಪದ್ಯಗಳಲ್ಲಿ ಬರುತ್ತಿತ್ತು, ಅರ್ಥ ಬರೆದು ಬಾಯಿಪಾಠ ಮಾಡಿ ಮರೆತಿದ್ದೆ. ಕೆಂಪು ತಳಿರು. ಚಿಗುರು ಎಂದರೆ ಎಳೆ ಹಸಿರು ಎಂದು ನಾವು ತಿಳಿದಿರುತ್ತೇವೆ, ಆದರೆ ಉಷ್ಣವಲಯದ ಎಷ್ಟೋ ಮರಗಳಲ್ಲಿ ಹೊಸ ಎಲೆ ಹುಟ್ಟುವುದು ಕೆಂಪಾಗಿಯೇ. ಎಲೆಯಲ್ಲಿ ಹಸಿರು ಇನ್ನೂ ತುಂಬಿರುವುದಿಲ್ಲ, ಆಂಥೊಸಯನಿನ್ ಎಂಬ ಕೆಂಪು ದ್ರವ್ಯ ಮೊದಲು ಬರುತ್ತದೆ. ಸುಡುವ ಬೆಳಕಿನಿಂದ, ತಿನ್ನುವ ಹುಳುಗಳಿಂದ ಎಳೆ ಎಲೆಗೆ ಅದು ಕಾವಲು ಎಂದು ಅವರು ವಿವರಿಸಿದರು. "ಇನ್ನೊಂದು ವಿಚಿತ್ರ ಗೊತ್ತಾ? ಬಹಳ ಮರಗಳು ಮಳೆ ಬಂದ ಮೇಲೆ ಚಿಗುರೋದಿಲ್ಲ. ಮಳೆಗೆ ಮುಂಚೆ, ನೆಲ ಕಾದು ಬಿರಿದಿರುವಾಗಲೇ ಚಿಗುರುತ್ತವೆ. ಮಳೆ ಬರುತ್ತದೆ ಅಂತ ಅವಕ್ಕೆ ಯಾರು ಹೇಳಿದರೋ." ಎದ್ದು ಹೊರಟರು. ಚಿತ್ರ ಇಷ್ಟವಾಯಿತು ಎಂದೇನೂ ಹೇಳಲಿಲ್ಲ. ಬಾಗಿಲಲ್ಲಿ ತಿರುಗಿ, "ಹೆಸರು ಬರೀಬೇಕಿತ್ತು" ಎಂದರು. ಅಷ್ಟರಮಟ್ಟಿಗೆ ನಾವಿಬ್ಬರೂ ಒಂದೇ ಪಕ್ಷ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಂಪು ಗೀರುಗಳು ಕೆಂದಳಿರಾದರೆ ಅವು ಮರದ ನೆತ್ತಿಯಲ್ಲಿರಬೇಕು. ಮಳೆಗೆ ಮುಂಚಿನ ದಿನಗಳಾದರೆ ನೆಲ ಒಣಗಿ ಬೆಳ್ಳಗಿರಬೇಕು, ಬೂದು ಹಸಿರಾಗಿರಬೇಕು. ಹಾಗಾದರೆ ಆ ಕಡುನೀಲಿ? ನಾನು ನೆಲವೆಂದು, ಭಾರವೆಂದು ಕೆಳಗಿಡಿಸಿದ ಕಾಡಿಗೆ ಬಣ್ಣ?

ರಷ್ಯಾದ ಚಿತ್ರಕಾರ ಕಾಂಡಿನ್‌ಸ್ಕಿ ಎರಡು ಪ್ರಸಂಗಗಳನ್ನು ಬರೆದಿಟ್ಟಿದ್ದಾನೆ. ಮಾಸ್ಕೊದಲ್ಲಿ 1896ರ ಹೊತ್ತಿಗೆ ಮೋನೆಯ ಬಣವೆಯ ಚಿತ್ರವೊಂದನ್ನು ನೋಡಿ ಅದು ಬಣವೆಯೆಂದು ಅವನಿಗೆ ಗೊತ್ತೇ ಆಗಲಿಲ್ಲ, ಕೈಪಿಡಿ ಓದಿದ ಮೇಲೆ ತಿಳಿಯಿತು. ಗುರುತಿಸಲಾಗದೆ ಹೋದದ್ದಕ್ಕೆ ಮುಜುಗರಪಟ್ಟನಂತೆ, ಆದರೂ ಚಿತ್ರ ಮನಸ್ಸು ಬಿಟ್ಟು ಕದಲಲಿಲ್ಲ. ಎರಡನೆಯದು ಮ್ಯೂನಿಕ್‌ನಲ್ಲಿ, ವರ್ಷಗಳ ನಂತರ. ಮುಸ್ಸಂಜೆಯಲ್ಲಿ ಸ್ಟುಡಿಯೊಗೆ ಬಂದಾಗ ಗೋಡೆಗೊರಗಿದ ಅಪರೂಪದ ಚೆಲುವಿನ ಚಿತ್ರವೊಂದು ಕಂಡಿತು, ವಸ್ತು ಯಾವುದೂ ತಿಳಿಯುತ್ತಿಲ್ಲ, ಬಣ್ಣ ಮತ್ತು ಆಕಾರ ಮಾತ್ರ. ಹತ್ತಿರ ಹೋಗಿ ನೋಡಿದರೆ ಅವನದೇ ಚಿತ್ರ, ಅಡ್ಡಲಾಗಿ ನಿಂತಿತ್ತು. ಈ ಎರಡನೇ ಪ್ರಸಂಗವನ್ನು ಅಮೂರ್ತ ಕಲೆ ಹುಟ್ಟಿದ ಕಥೆಯೆಂದು ಹೇಳುವುದುಂಟು. ನನಗೆ ಅದರಲ್ಲಿ ಹಿಡಿಸುವುದು ಮರುದಿನದ ಭಾಗ. ಬೆಳಕಿನಲ್ಲಿ ಅದೇ ಚಿತ್ರವನ್ನು ಅಡ್ಡ ಮಾಡಿ ಮತ್ತೆ ಮತ್ತೆ ನೋಡುತ್ತಾನೆ, ಪ್ರತಿ ಸಲವೂ ವಸ್ತುಗಳು ಗುರುತು ಸಿಕ್ಕಿಬಿಡುತ್ತವೆ, ಸಂಜೆಯ ಆ ಚಿತ್ರ ಮರಳುವುದಿಲ್ಲ. ಒಮ್ಮೆ ಗುರುತು ಹತ್ತಿದ ಮೇಲೆ ಗುರುತಿಲ್ಲದ ಕಣ್ಣು ಸಿಗುವುದು ಕಷ್ಟ.

ನನಗೂ ಹಾಗೆಯೇ ಆಯಿತು. ಏಳನೆಯ ದಿನ ಹೋಗಿ ಕುರ್ಚಿಯಲ್ಲಿ ಕೂತು ನೋಡಿದರೆ ಚಿತ್ರ ತಲೆಕೆಳಗಾಗಿ ನಿಂತಿತ್ತು. ಕಣ್ಣು ಎಷ್ಟು ಸರಿಮಾಡಿಕೊಂಡರೂ ಆಗಲಿಲ್ಲ. ಮೋಡ ನೆಲದಲ್ಲಿ ಬಿದ್ದಿತ್ತು, ಕಾದ ನೆಲ ಮೇಲೆ ತೂಗುತ್ತಿತ್ತು. ನಡುವೆ ಆ ಎಳೆ ಎಲೆಗಳು. ಆದರೆ ಒಂದು ಅನುಮಾನವೂ ಇತ್ತು. ಇದು ಒಗಟೇನು, ಒಬ್ಬರು ಬಂದು ಬಿಡಿಸಿಬಿಟ್ಟರು ಎನ್ನಲು? ಬೆಂಕಿ ಎಂದವರು ಕಂಡದ್ದು ಸುಳ್ಳೇ? ಆರು ದಿನ ನಾನು ನೋಡಿದ, ನನ್ನ ಕಾಲಿನಡಿ ಗಟ್ಟಿಯಾಗಿ ನಿಂತಿದ್ದ ಆ ನೀಲಿ ನೆಲ ಸುಳ್ಳೇ? ಹೊರಗೆ ಬಿಸಿಲಿತ್ತು, ಒಳಗೆ ಯಾರೂ ಇರಲಿಲ್ಲ. ಎದ್ದು ಚಿತ್ರದ ಹತ್ತಿರ ಹೋದೆ. ನೀಲಿಯಲ್ಲಿ ಕುಂಚದ ಕೂದಲಿನ ಗೆರೆಗಳು ನಾಲ್ಕೂ ದಿಕ್ಕಿಗೆ ಹರಿದಿದ್ದವು. ಅವಳು ನಾಲ್ಕೂ ಕಡೆ ಕೂತು ಬರೆದದ್ದು ಸುಳ್ಳಾಗಿರಲಿಲ್ಲ. ಮೋಡದೊಳಗೆ ಕೂತಿದ್ದಂತೆ ಬರೆದಿದ್ದಳು, ಮೋಡದೊಳಗಿದ್ದವರಿಗೆ ಮೇಲು ಕೆಳಗು ಎಲ್ಲಿಯದು.

ಸಂಜೆ ಅವಳು ಬಂದಾಗ ಏನೂ ಹೇಳಲಿಲ್ಲ. ಉಳಿದ ಮೂರು ದಿನವೂ ಹೇಳಲಿಲ್ಲ. ತಿರುಗಿಸಿ ಹಾಕೋಣ ಎನ್ನಬಹುದಿತ್ತು. ಆದರೆ ಬಂದವರೆಲ್ಲ ಅದನ್ನು ಹಾಗೆಯೇ ನೋಡಿ ತಮ್ಮ ತಮ್ಮ ಹೊತ್ತು, ತಮ್ಮ ತಮ್ಮ ಊಹೆ ಕಟ್ಟಿಕೊಂಡು ಹೋಗಿದ್ದರು. ನಡುವೆ ಬದಲಾಯಿಸಲು ಮನಸ್ಸು ಒಪ್ಪಲಿಲ್ಲ.

ಕೊನೆಯ ಸಂಜೆ ಚಿತ್ರಗಳನ್ನು ಇಳಿಸಿದೆವು. ಏರಿಸುವಾಗ ಇಡೀ ದಿನ ಹಿಡಿದದ್ದು ಇಳಿಸುವಾಗ ಎರಡು ಗಂಟೆಯಲ್ಲಿ ಮುಗಿಯಿತು. ಕೆಲವು ಬೇರೆಯವರ ಮನೆಗೆ ಹೊರಟಿದ್ದವು. ಚೌಕ ಚಿತ್ರ ಯಾರಿಗೂ ಹೋಗಿರಲಿಲ್ಲ, ವಾಪಸು ಅವಳ ಜೊತೆಗೇ. ಅದನ್ನು ಮೇಜಿನ ಮೇಲೆ ಮಗುಚಿ ಮಲಗಿಸಿದಾಗ ಮೊದಲ ಬಾರಿ ಬೆನ್ನು ನೋಡಿದೆ. ಪೆನ್ಸಿಲಿನಲ್ಲಿ ನಾಲ್ಕು ಸಾಲು: ಪಡುವಣ ಗಾಳಿ, ಒದ್ದೆ. ನೆಲ ಕೈ ಇಡಲಾಗದಷ್ಟು ಬಿಸಿ. ಬೆಳಕು ಕೆಳಗಿನಿಂದ ಬಂದಂತೆ. ಜೀರುಂಡೆ ನಿಂತಿತು.

ಬೇರೆ ಎಲ್ಲ ಚಿತ್ರಗಳ ಬೆನ್ನಿಗೂ ಇದ್ದ ಬಾಣ ಇದಕ್ಕಿರಲಿಲ್ಲ.

"ಬಾಣ ಹಾಕಿಲ್ಲ ನೀನು."

"ಹಾಕೋಕೆ ಆಗಲಿಲ್ಲ" ಎಂದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ನನ್ನ ಕಡೆ ಚಾಚಿದಳು. "ಹತ್ತು ದಿನ ನೋಡಿದ್ದೀಯಲ್ಲ. ನೀನೇ ಹಾಕು."

ಪೆನ್ಸಿಲ್ ಹಿಡಿದು ಬಹಳ ಹೊತ್ತು ನಿಂತೆ. ಮುಂದಿನ ಮುಖ ಮೇಜಿಗೆ ಒತ್ತಿಕೊಂಡಿತ್ತು, ಬಣ್ಣ ಕಾಣುತ್ತಿರಲಿಲ್ಲ. ಮೇಲಿನ ಅಂಚಿಗೆ ಕಟ್ಟಿದ್ದ ತಂತಿ, ಹತ್ತು ದಿನ ಮೊಳೆಗೆ ಸಿಕ್ಕಿಕೊಂಡಿದ್ದ ಜಾಗದಲ್ಲಿ ಸ್ವಲ್ಪ ಬಾಗಿತ್ತು. ಅದರಿಂದ ದೂರಕ್ಕೆ, ಎದುರಿನ ಅಂಚಿನ ಕಡೆಗೆ ಮುಖ ಮಾಡಿ ಒಂದು ಬಾಣ ಎಳೆದೆ. ಅವಳು ಬಗ್ಗಿ ನೋಡಿದಳು. ಮಾತಾಡಲಿಲ್ಲ. ಇಕ್ಕಳ ತಂದು ತಂತಿ ಬಿಚ್ಚಿ, ಎದುರಿನ ಅಂಚಿಗೆ ಕಟ್ಟತೊಡಗಿದಳು.